ಗೋಡೆ ಮೇಲಿನ ಚಿತ್ರ ನೋಡಿ ಯಾರಾದರೂ ಮತ ಹಾಕಿದ್ದಾರಾ?

ಇದ್ದಿಲುಕಡ್ಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿವಿಎ (ದೃಶ್ಯಕಲೆಯ ಪದವಿ) ಕೊನೆಯ ವರ್ಷ, ಅಪ್ಲೈಡ್ ಆರ್ಟ್. ಓದುತ್ತಿರುವುದು ಮೈಸೂರಿನಲ್ಲಿ, ಊರು ಹಾವೇರಿ ಕಡೆ. ಒಂದು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ನಾನು ಮೊದಲ ವರ್ಷದಲ್ಲಿದ್ದೆ. ಮತದಾನದ ಜಾಗೃತಿ ಅಂತ ನಮ್ಮನ್ನು ಹನ್ನೆರಡು ಜನರನ್ನು ಒಂದು ಉದ್ದ ಕಾಂಪೌಂಡ್ ಗೋಡೆ ಹತ್ತಿರ ಕರೆದುಕೊಂಡು ಹೋದರು. ನಾಲ್ಕು ದಿನ ಬಿಸಿಲಲ್ಲಿ ನಿಂತು ಬರೆದೆವು. ಶಾಯಿ ಹಚ್ಚಿದ ದೊಡ್ಡ ಬೆರಳು, ಭಾರತದ ನಕ್ಷೆ, ಸರತಿಯಲ್ಲಿ ನಿಂತ ಜನ. ಕೆಳಗೆ ‘ತಪ್ಪದೇ ಮತ ಚಲಾಯಿಸಿ’ ಅಂತ ದಪ್ಪ ಅಕ್ಷರ. ಬೆರಳು ನನ್ನ ಪಾಲಿಗೆ ಬಂದಿತ್ತು. ಆ ಶಾಯಿಯ ಬಣ್ಣ ಸರಿಯಾಗಿ ಬರಲಿ ಅಂತ ನೀಲಿಗೆ ನೇರಳೆ ಬೆರೆಸಿ, ಸ್ವಲ್ಪ ಕಪ್ಪು ಸೇರಿಸಿ, ಅರ್ಧ ದಿನ ಒದ್ದಾಡಿದ್ದೆ. ಚೆನ್ನಾಗಿಯೇ ಬಂತು. ಜನ ನಿಂತು ಸೆಲ್ಫಿ ತೆಗೆದುಕೊಂಡರು.

ಆ ಗೋಡೆ ಎದುರಿಗೆ ಒಬ್ಬರು ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದರು. ದಿನವೂ ನಮಗೆ ಕುಡಿಯಲು ನೀರು ಕೊಡುತ್ತಿದ್ದರು. ಕೊನೆಯ ದಿನ ನನ್ನ ಹತ್ತಿರ ಬಂದು ಕೇಳಿದರು. ‘ಹೋದ ಸಲ ಲಿಸ್ಟಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸಿಬಿಟ್ರು ಮಗಳೇ. ಎಲ್ಲಿ ಹೋಗಿ ಸೇರಿಸ್ಬೇಕು?’

ನನಗೆ ಗೊತ್ತಿರಲಿಲ್ಲ. ಹನ್ನೆರಡು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ನಮ್ಮಲ್ಲೇ ಐದು ಜನರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆ ಐವರಲ್ಲಿ ನಾನೂ ಒಬ್ಬಳು. ನನಗೆ ಆಗಲೇ ಹತ್ತೊಂಬತ್ತು ತುಂಬಿತ್ತು. ಆ ಚುನಾವಣೆಗೆ ಹೆಸರು ಸೇರಿಸುವ ಸಮಯವೂ ಮುಗಿದಿತ್ತು. ಬೇರೆಯವರಿಗೆ ‘ತಪ್ಪದೇ’ ಅಂತ ಗೋಡೆ ತುಂಬ ಬರೆದವಳು ಮತದಾನದ ದಿನ ಹಾಸ್ಟೆಲಿನಲ್ಲಿ ಕೂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ಮತ್ತೆ ಅದೇ ಥರದ ಕೆಲಸ ಬಂದಿದೆ. ಮೂರು ವಾರ ಸಮಯ, ಒಂದು ಗೋಡೆ, ಏನು ಬರೆಯಬೇಕು ಅನ್ನುವುದು ನಮ್ಮ ಇಷ್ಟ. ನನಗೆ ಮತ್ತೆ ಬೆರಳು ಬರೆಯಲು ಮನಸ್ಸಿಲ್ಲ. ಚಿತ್ರದಿಂದ ನಿಜವಾಗಿ ಒಬ್ಬ ಮನುಷ್ಯ ಮತಗಟ್ಟೆವರೆಗೆ ಹೋಗಿದ್ದನ್ನು ನೀವು ನೋಡಿದ್ದೀರಾ? ಏನು ಮಾಡಿದಿರಿ?

ಗೋಡೆಬರಹ:

ಮೊದಲು ನಿಯಮದ ಮಾತು ಹೇಳಿಬಿಡುತ್ತೇನೆ, ಆಮೇಲೆ ತೊಂದರೆ ಬೇಡ. ಗೋಡೆಯ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ನಮ್ಮ ರಾಜ್ಯದಲ್ಲಿ ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆ ಇದೆ. ಉದ್ದೇಶ ಒಳ್ಳೆಯದು ಅಂದರೆ ಸಾಲದು, ಅನುಮತಿಯೂ ಬೇಕು. ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ನಿಷಿದ್ಧ. ನಿಮ್ಮದು ಪ್ರಚಾರ ಅಲ್ಲ ನಿಜ, ಆದರೂ ಅಷ್ಟು ಹತ್ತಿರದ ಗೋಡೆ ಬಿಟ್ಟುಬಿಡಿ.

ಚಿತ್ರದೊಳಗೂ ಎಚ್ಚರ ಬೇಕು. ನಾವು ಒಂದು ಸಲ ಕೆರೆ ಬರೆಯುತ್ತಾ ಅದರಲ್ಲಿ ತಾವರೆ ಹಾಕಿದ್ದೆವು. ಹಳ್ಳಿ ಹೆಣ್ಣುಮಗಳ ತಲೆ ಮೇಲೆ ಹುಲ್ಲಿನ ಹೊರೆ ಇಟ್ಟಿದ್ದೆವು. ದೂರದಿಂದ ಅದು ತೆನೆ ಹೊತ್ತ ಮಹಿಳೆ ಥರವೇ ಕಾಣುತ್ತಿತ್ತು. ಅಂಗೈ ಪೂರ್ತಿ ಬಿಡಿಸಿದರೂ ಅದೇ ಕಥೆ. ಮೂರೂ ಪಕ್ಷದವರು ಬಂದು ಒಬ್ಬರ ಮೇಲೊಬ್ಬರು ತಕರಾರು ಹೇಳಿದರು, ಮೂರನ್ನೂ ಅಳಿಸಿ ಬರೆದೆವು. ಹಾಗಾಗಿ ಥಂಬ್‌ನೇಲ್ ಸ್ಕೆಚ್ ಆದ ಮೇಲೆ ಪಕ್ಷದ ಗುರುತುಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ನೋಡಿ.

ಇನ್ನೊಂದು. ಶಾಯಿ ಹಚ್ಚುವುದು ಎಡಗೈ ತೋರುಬೆರಳಿಗೆ. ಬಲಗೈ ಬರೆದ ಗೋಡೆಗಳು ಲೆಕ್ಕವಿಲ್ಲದಷ್ಟಿವೆ. ನಿಮ್ಮದು ಯಾವ ಕೈ ಇತ್ತು?

ಇದ್ದಿಲುಕಡ್ಡಿ:

ಈಗ ಫೋಟೋ ತೆಗೆದು ನೋಡಿದೆ. ಬಲಗೈ. ಹೇಳಿದ್ದಕ್ಕೆ ಧನ್ಯವಾದ.

ಹಳೇ ಡ್ರಾಯಿಂಗ್ ಮೇಷ್ಟ್ರು:

ಮಗಳೇ, ಆ ಕಬ್ಬಿನ ಹಾಲಿನವರ ಪ್ರಶ್ನೆ ಇದೆಯಲ್ಲ, ನಿನ್ನ ಇಡೀ ಗೋಡೆ ಅದರಲ್ಲೇ ಇದೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಟ್ಟವನು. ಜನವರಿ 25ರ ರಾಷ್ಟ್ರೀಯ ಮತದಾರರ ದಿನ 2011ರಲ್ಲಿ ಶುರುವಾದಾಗಿನಿಂದ ಪ್ರತಿ ವರ್ಷ ಮಕ್ಕಳಿಂದ ಪೋಸ್ಟರ್ ಬರೆಸಿದ್ದೇನೆ. ‘ಮತದಾನ ನಮ್ಮ ಹಕ್ಕು’, ‘ಮತ ಮಾರಿಕೊಳ್ಳಬೇಡಿ’. ಬಹುಮಾನ ಕೊಟ್ಟು ಪೋಸ್ಟರುಗಳನ್ನು ಬೀರುವಿನಲ್ಲಿ ಇಡುತ್ತಿದ್ದೆವು. ಹಕ್ಕು ಅಂತ ಗೊತ್ತಿಲ್ಲದೆ ಮನೆಯಲ್ಲಿ ಕೂತವರನ್ನು ನಾನು ಹೆಚ್ಚು ನೋಡಿಲ್ಲ. ಎಲ್ಲಿ ಹೋಗಬೇಕು, ಯಾವ ಕಾಗದ ಬೇಕು ಅಂತ ಗೊತ್ತಿಲ್ಲದೆ ಸುಮ್ನೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ನಿವೃತ್ತಿ ಆದ ಮೇಲೆ, 2024ರ ಲೋಕಸಭೆ ಚುನಾವಣೆಗೆ ಮೊದಲು, ಕಲೆ ಓದುತ್ತಿದ್ದ ನನ್ನ ಹಳೇ ಶಿಷ್ಯರು ಆರು ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಕಾಲೇಜೊಂದರ ಕಾರಿಡಾರಿನಲ್ಲಿ ಎರಡು ಮೇಜು ಹಾಕಿದೆವು. ಒಂದು ಬೋರ್ಡು: ‘ಕೂತ್ಕೊಳ್ಳಿ, ನಿಮ್ಮ ಮುಖ ಬರೆದು ಕೊಡ್ತೀವಿ’. ಪೆನ್ಸಿಲ್ ಪೋರ್ಟ್ರೇಟಿಗೆ ಹನ್ನೆರಡು ನಿಮಿಷ ಬೇಕು. ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮುಖ ಬರೆಸಿಕೊಳ್ಳುವವನು ಎದ್ದು ಹೋಗುವ ಹಾಗಿಲ್ಲ ಅಲ್ವಾ? ಒಬ್ಬರು ಬರೆಯುತ್ತಿದ್ದರೆ ಪಕ್ಕದಲ್ಲಿ ಕೂತವರು ಮಾತಾಡಿಸುತ್ತಿದ್ದರು. ಹೆಸರು ಪಟ್ಟಿಯಲ್ಲಿದೆಯಾ? ಮೊಬೈಲಿನಲ್ಲಿ ನೋಡೋಣವಾ? ಇಲ್ಲದಿದ್ದರೆ ಅಲ್ಲೇ ವೋಟರ್ ಹೆಲ್ಪ್‌ಲೈನ್ ಆಪ್ ತೆಗೆದು ಅರ್ಜಿ.

ಮೊದಲ ದಿನ ನಾವು ಒಂದು ತಪ್ಪು ಮಾಡಿದೆವು. ‘ಅರ್ಜಿ ತುಂಬಿದವರಿಗೆ ಚಿತ್ರ ಉಚಿತ’ ಅಂತ ಬರೆದಿದ್ದೆವು. ಹುಡುಗರು ದೂರ ನಿಂತು ನೋಡಿ ಹೋದರು. ಯಾವುದೋ ಕಂಪನಿಯ ಸ್ಕೀಮು ಅಂದುಕೊಂಡಿರಬೇಕು. ನನಗೂ ರಾತ್ರಿ ಸರಿ ಅನ್ನಿಸಲಿಲ್ಲ. ಏನೋ ಕೊಟ್ಟು ಏನೋ ಮಾಡಿಸಿಕೊಂಡ ಹಾಗೆ ಆಗುತ್ತದೆ, ಮತದ ವಿಷಯದಲ್ಲಿ ಆ ವಾಸನೆಯೂ ಬರಬಾರದು. ಮರುದಿನ ಬೋರ್ಡು ಬದಲಾಯಿಸಿದೆವು. ಯಾರು ಕೂತರೂ ಚಿತ್ರ. ಅರ್ಜಿ ತುಂಬಿದರೂ ಸರಿ, ತುಂಬದಿದ್ದರೂ ಸರಿ. ಆಗ ಸಾಲು ನಿಂತಿತು.

ಅಲ್ಲಿ ಕೂತು ನಾನು ಕಲಿತದ್ದೇ ಜಾಸ್ತಿ. ಪೆನ್ನು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿದ್ದೆ. ವಿಳಾಸದ ದಾಖಲೆ ಅನ್ನುವ ಜಾಗದಲ್ಲಿ ನಿಲ್ಲುತ್ತಿತ್ತು. ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ ಆಗುತ್ತದೆ ಅಂತ ಬಹಳ ಜನರಿಗೆ ಗೊತ್ತಿರಲಿಲ್ಲ. ಹದಿನೇಳು ತುಂಬಿದವರು ಮುಂಚೆಯೇ ಅರ್ಜಿ ಹಾಕಬಹುದು ಅಂತ ಗೊತ್ತಿರಲಿಲ್ಲ. ಹದಿನೆಂಟು ತುಂಬಿದೆಯಾ ಅಂತ ನೋಡಲು ಮೊದಲು ಜನವರಿ 1 ಒಂದೇ ಲೆಕ್ಕದ ದಿನ ಇತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ನಾಲ್ಕು ದಿನ. ಮನೆ ಬದಲಾಯಿಸಿದವರು ಹೊಸದಾಗಿ ನಮೂನೆ 6 ತುಂಬಲು ಹೊರಡುತ್ತಿದ್ದರು. ಅವರಿಗೆ ಬೇಕಾದದ್ದು ನಮೂನೆ 8.

ಮತ್ತೆ ನಿನ್ನಂತೆ ಹಾಸ್ಟೆಲಿನವರು. ‘ಸಾರ್, ನಮ್ಮೂರು ಬೇರೆ, ಇಲ್ಲಿ ಆಗಲ್ಲ’ ಅನ್ನುತ್ತಿದ್ದರು. ಆಗುತ್ತದೆ. ಹಾಸ್ಟೆಲಿನಲ್ಲಿದ್ದು ಓದುವವರು ಊರಿನಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು, ಹಾಸ್ಟೆಲಿನ ವಿಳಾಸದಲ್ಲಾದರೂ ಸೇರಿಸಬಹುದು. ಕಾಲೇಜಿನ ಮುಖ್ಯಸ್ಥರಿಂದ ವಿದ್ಯಾರ್ಥಿ ಅನ್ನುವ ದೃಢೀಕರಣ ಪತ್ರ ಬೇಕು. ಎರಡೂ ಕಡೆ ಮಾತ್ರ ಇರಬಾರದು, ಅದು ಕಾನೂನಿಗೆ ವಿರುದ್ಧ.

ಪೆನ್ನು ನಿಂತ ಜಾಗಗಳನ್ನೇ ನಾವು ಆಮೇಲೆ ಚಿತ್ರ ಮಾಡಿದೆವು. ಆರು ಚೌಕದ ಕಥೆ. ಪಾಸ್‌ಬುಕ್ಕು ಹುಡುಕುವ ಹುಡುಗ, ಮನೆಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಕ್ಕ, ಅವರು ಬಂದಾಗ ಬೀಗ ಹಾಕಿದ ಬಾಗಿಲು, ಮತ್ತೆ ಬರುವುದು. ಘೋಷಣೆ ಒಂದೂ ಇಲ್ಲ. ಅದರ ಜೆರಾಕ್ಸ್ ಕೇಳಿ ಕೇಳಿ ತಗೊಂಡು ಹೋದರು. ಮತದಾನದ ದಿನ ನಾಲ್ಕು ಹುಡುಗಿಯರು ಎಡಗೈ ಬೆರಳಿನ ಫೋಟೋ ನನಗೆ ಕಳಿಸಿದರು. ನೀನು ಕೇಳಿದೆಯಲ್ಲ, ನೋಡಿದ್ದೀರಾ ಅಂತ. ನಾಲ್ಕು ನೋಡಿದ್ದೇನೆ.

ಕಡತದ ಹುಳು:

ಮೇಷ್ಟ್ರ ಮಾತಿಗೆ ಒಂದಿಷ್ಟು ಹಳೇ ಕಥೆ ಸೇರಿಸುತ್ತೇನೆ. ಚಿತ್ರ ಇಲ್ಲದಿದ್ದರೆ ಈ ದೇಶದಲ್ಲಿ ಚುನಾವಣೆಯೇ ನಡೆಯುತ್ತಿರಲಿಲ್ಲ, ನಿಜವಾಗಿ.

1951-52ರ ಮೊದಲ ಮಹಾಚುನಾವಣೆ ನೆನಪಿಸಿಕೊಳ್ಳಿ. 1951ರ ಜನಗಣತಿ ಪ್ರಕಾರ ಓದು ಬಲ್ಲವರು ನೂರಕ್ಕೆ ಹದಿನೆಂಟು ಜನ. ಸುಮಾರು 17 ಕೋಟಿ ಮತದಾರರು. ಸುಕುಮಾರ್ ಸೇನ್ ಮೊದಲ ಮುಖ್ಯ ಚುನಾವಣಾ ಆಯುಕ್ತರು. ಪ್ರತಿ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಗುರುತು ಅಂಟಿಸಿದರು. ಓದಲು ಬಾರದವರು ಜೋಡೆತ್ತು, ಗುಡಿಸಲು, ತೆನೆ ನೋಡಿ ಚೀಟಿ ಹಾಕಿದರು. ಆ ಚಿತ್ರಗಳು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಕೈ ಹಿಡಿದು ಸರಿಯಾದ ಪೆಟ್ಟಿಗೆ ತೋರಿಸುತ್ತಿದ್ದವು.

ಚುನಾವಣೆಯ ಗುರುತುಗಳಲ್ಲಿ ಬಹಳಷ್ಟನ್ನು ಬರೆದವರು ಆಯೋಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಎಂ.ಎಸ್. ಸೇಠಿ. 1992ರಲ್ಲಿ ನಿವೃತ್ತರಾದರು. ಬಾಚಣಿಗೆ, ಸೀಟಿ, ಹೊಲಿಗೆ ಯಂತ್ರ, ಮೇಜು ಇಂಥವನ್ನೆಲ್ಲ ಪೆನ್ಸಿಲಿನಲ್ಲಿ ಬರೆದರು. ಈಗಲೂ ಪಕ್ಷೇತರರಿಗೆ ಕೊಡುವ ಮುಕ್ತ ಗುರುತುಗಳ ಪಟ್ಟಿ ತೆಗೆದು ನೋಡಿ. ಹೆಬ್ಬೆಟ್ಟಿನಷ್ಟು ಜಾಗದಲ್ಲಿ, ಕಪ್ಪು ಬಿಳುಪಿನಲ್ಲಿ, ಕಣ್ಣು ಮಂಜಾದ ಅಜ್ಜಿಗೂ ಗೊತ್ತಾಗುವ ಹಾಗೆ ಒಂದು ವಸ್ತು. ಅಪ್ಲೈಡ್ ಆರ್ಟ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನೋಟಾ 2013ರಲ್ಲಿ ಬಂತು. ಅದರ ಗುರುತನ್ನು, ಮತಚೀಟಿಯ ಮೇಲೆ ಕಪ್ಪು ಅಡ್ಡಗೀಟು, ಮಾಡಿಕೊಟ್ಟದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ.

ಅದೇ ಮೊದಲ ಚುನಾವಣೆಯ ಇನ್ನೊಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೊರಗೆ ಉಳಿಯಿತು. ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದ್ದರು, ತಮ್ಮ ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ಸೇರಿಸಲು ಆಗುವುದಿಲ್ಲ ಅಂತ ಸೇನ್ ಪಟ್ಟು ಹಿಡಿದರು. ಮತದ ಕಥೆ ಮತದಾನದ ದಿನ ಶುರುವಾಗುವುದಿಲ್ಲ, ಪಟ್ಟಿಯಲ್ಲಿ ಶುರುವಾಗುತ್ತದೆ. ಯಾರಾದರೂ ಇದನ್ನು ಚಿತ್ರ ಮಾಡಿದರೆ ನಾನು ಬಸ್ಸು ಹತ್ತಿ ಬಂದು ನೋಡುತ್ತೇನೆ. ಆ ಶಾಯಿಯೂ ನಿಮ್ಮ ಮೈಸೂರಿನದೇ. 1962ರಿಂದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ ತಯಾರಿಸುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ, ನೀವು ಬೆರೆಸಿದ ನೇರಳೆ ಮೊದಲ ಗಳಿಗೆಯದ್ದು.

ವಾರ್ಡಿನವನು:

ಎಲ್ಲ ಒಪ್ಪಿದೆ, ಆದರೆ ಒಂದು ಮಾತು. ನಾನಿರುವುದು ಬೆಂಗಳೂರಿನಲ್ಲಿ. ನನ್ನ ಗೆಳೆಯರಿಗೆ ಹೆಸರೂ ಇದೆ, ಕಾರ್ಡೂ ಇದೆ, ಮತಗಟ್ಟೆಯೂ ಹತ್ತಿರ. ಹೋಗುವುದಿಲ್ಲ. ರಾಜ್ಯದಲ್ಲಿ ನೂರಕ್ಕೆ ಎಪ್ಪತ್ತು ದಾಟಿದರೆ ನಮ್ಮ ನಗರ ಐವತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವರಿಗೆ ನಮೂನೆಯ ಚಿತ್ರ ಸಾಕಾಗುವುದಿಲ್ಲ. ‘ಹಾಕಿದರೆ ಏನಾಗುತ್ತದೆ’ ಅಂತ ಕೇಳುತ್ತಾರೆ. ಕೇಳುವುದೂ ತಪ್ಪಲ್ಲ. 2015ರಲ್ಲಿ ಪಾಲಿಕೆಗೆ ಮತ ಹಾಕಿದೆವು, 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಬೀದಿದೀಪ ಹೋದರೆ ಕೇಳಲು ಒಬ್ಬ ಸದಸ್ಯ ಇರಲಿಲ್ಲ.

ಅದೇ 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ದೊಡ್ಡ ಮೊಸಳೆ ಮಾಡಿ ಇಟ್ಟರು, ನೆನಪಿದೆಯಾ? ಅವರೂ ಮೈಸೂರಿನಲ್ಲೇ ಕಲೆ ಓದಿದವರು. ಗುಂಡಿ ಬೇಗ ಮುಚ್ಚಿದರು. ನನ್ನ ಮಟ್ಟಿಗೆ ಅದು ಮತದಾನದ ಪಾಠವೂ ಹೌದು. ರಸ್ತೆ ಯಾರ ಕೆಲಸ, ನೀರು ಯಾರ ಕೆಲಸ, ಶಾಲೆ ಯಾರ ಕೆಲಸ ಅಂತ ಜನಕ್ಕೆ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿ. ಚರಂಡಿಗೆ ಶಾಸಕರನ್ನು ಬೈಯುತ್ತಾರೆ, ವಾರ್ಡಿನ ಸದಸ್ಯ ಯಾರು ಅಂತ ಗೊತ್ತೇ ಇರುವುದಿಲ್ಲ. ಒಂದು ಬೀದಿಯ ಚಿತ್ರ ಬರೆದು, ಒಂದೊಂದು ವಸ್ತುವಿನಿಂದ ಒಂದೊಂದು ದಾರ ಎಳೆದು ಯಾರ ಮೇಜಿಗೆ ಹೋಗುತ್ತದೆ ಅಂತ ತೋರಿಸಿದರೆ ನಾನಂತೂ ನಿಂತು ನೋಡುತ್ತೇನೆ.

ಮಲೆನಾಡ ಬಳಪ:

ಚಿಕ್ಕ ಮಾತು. ನಮ್ಮ ಹಳ್ಳಿಯಲ್ಲಿ ಮಕ್ಕಳ ಗ್ರಾಮಸಭೆಗೆ ಮಕ್ಕಳು ಊರಿನ ನಕ್ಷೆ ಬರೆದುಕೊಂಡು ಬಂದಿದ್ದರು. ಶಾಲೆ ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇಲ್ಲದ ಜಾಗಕ್ಕೆ ಕೆಂಪು ಬಳಪ. ಅಂಥದೊಂದು ಸಂಕ ಬೇಕು ಅಂತ ದೊಡ್ಡವರು ಎಷ್ಟೋ ಅರ್ಜಿ ಕೊಟ್ಟಿದ್ದರು. ಆ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ ಮೇಲೆ ಬಂದುಹೋದವರೆಲ್ಲ ಕೇಳತೊಡಗಿದರು. ಮುಂದಿನ ಮಳೆಗಾಲದೊಳಗೆ ಸಂಕ ಆಯಿತು. ಬರೆಯುವ ಮೊದಲು ಆ ಬೀದಿಯಲ್ಲಿ ನಡೆದಾಡಿ, ಮಗಳೇ.

ಇದ್ದಿಲುಕಡ್ಡಿ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಆಗಿದ್ದನ್ನು ಹೇಳುತ್ತೇನೆ.

ಮೊದಲು ನಮ್ಮ ತರಗತಿಯಲ್ಲೇ ಮೇಷ್ಟ್ರ ಮೇಜು ಹಾಕಿದೆವು. ಮೂವತ್ತೊಂದು ಜನರಲ್ಲಿ ಹದಿನಾಲ್ಕು ಜನರ ಹೆಸರು ಎಲ್ಲೂ ಇಲ್ಲ. ಕೊನೆಯ ವರ್ಷದವರು, ಎಲ್ಲರಿಗೂ ಇಪ್ಪತ್ತು ದಾಟಿದೆ. ನಾನು ಹೋದ ವರ್ಷವೇ ಸೇರಿಸಿದ್ದೆ, ಆದರೆ ಈ ಲೆಕ್ಕ ನೋಡಿ ಹೊಟ್ಟೆ ಹಿಂಡಿದ ಹಾಗಾಯಿತು. ಹನ್ನೊಂದು ಜನ ಆವತ್ತೇ ಅರ್ಜಿ ಹಾಕಿದರು. ಉಳಿದ ಮೂವರು ಊರಿಗೆ ಹೋಗಿ ಪಾಸ್‌ಬುಕ್ ತರುತ್ತಾರೆ. ದೃಢೀಕರಣ ಪತ್ರಕ್ಕೆ ಕಚೇರಿಯಲ್ಲಿ ಮೊದಲು ಯಾಕೆ ಏನು ಅಂತ ಕೇಳಿದರು. ಕೇಳುವವರು ಎಷ್ಟು ಜನ ಅಂತ ನೋಡಿದ ಮೇಲೆ ಒಂದೇ ದಿನದಲ್ಲಿ ಎಲ್ಲರಿಗೂ ಕೊಟ್ಟರು.

ಆಮೇಲೆ ಆ ಹಳೇ ಗೋಡೆ ಹತ್ತಿರ ಹೋದೆ. ನಮ್ಮ ಬೆರಳು ಅರ್ಧ ಉದುರಿದೆ, ಪ್ರೈಮರ್ ಸರಿಯಾಗಿ ಹಾಕಿರಲಿಲ್ಲ. ಕಬ್ಬಿನ ಹಾಲಿನ ಗಾಡಿ ಅಲ್ಲೇ ಇದೆ. ಅವರಿಗೆ ನನ್ನ ನೆನಪಿರಲಿಲ್ಲ. ಮೊಬೈಲಿನಲ್ಲಿ ಹೆಸರು ಹುಡುಕಿದೆವು, ಸಿಕ್ಕಿತು! ಎಷ್ಟೋ ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಯ ಭಾಗದ ಪಟ್ಟಿಯಲ್ಲಿ ಇತ್ತು. ಇವರು ಹೊಸ ಮನೆಯ ಮತಗಟ್ಟೆಗೆ ಹೋಗಿ ವಾಪಸ್ ಬಂದಿದ್ದರು. ನಮೂನೆ 8 ತುಂಬಿದೆವು. ಅಂಚೆ ಕಚೇರಿ ಪಾಸ್‌ಬುಕ್ ಗಾಡಿಯ ಗಲ್ಲಾಪೆಟ್ಟಿಗೆಯೊಳಗೇ ಇತ್ತು. ಇಷ್ಟೇನಾ ಅಂತ ಕೇಳಿದರು. ಇಷ್ಟೇ, ಅಂದೆ. ನನಗೆ ಅಲ್ಲಿ ಅಳು ಬಂತು.

ಹೊಸ ಗೋಡೆಗೆ ಆ ಬೀದಿಯನ್ನೇ ಬರೆಯುತ್ತಿದ್ದೇವೆ. ಎಡಗಡೆ ಗಾಡಿ, ಅವರು ಒಪ್ಪಿದ್ದಾರೆ. ಗಾಡಿಯಿಂದ ಒಂದು ದಾರ ಹೊರಡುತ್ತದೆ. ಪಾಸ್‌ಬುಕ್ಕು, ನಮೂನೆ, ಬಾಗಿಲಿಗೆ ಬರುವ ಬಿಎಲ್‌ಒ ಅಕ್ಕ, ಪಟ್ಟಿ, ಆ ಬೀದಿಯವರ ಮತಗಟ್ಟೆ ಇರುವ ಶಾಲೆ. ಶಾಲೆಯ ಬಾಗಿಲು, ಅದರ ಪಕ್ಕದ ಬೇವಿನ ಮರ ಇದ್ದ ಹಾಗೇ ಬರುತ್ತದೆ, ನೋಡಿದವರು ಗುರುತು ಹಿಡಿಯಬೇಕು. ಚರಂಡಿ, ಬೀದಿದೀಪದಿಂದಲೂ ದಾರ ಎಳೆಯುತ್ತೇವೆ, ಅವು ಎಲ್ಲಿಗೆ ಹೋಗುತ್ತವೆ ಅಂತ ಪಾಲಿಕೆ ಕಚೇರಿಗೆ ಎರಡು ಸಲ ಹೋಗಿ ಕೇಳಿಕೊಂಡು ಬಂದೆವು. ದೊಡ್ಡ ಅಕ್ಷರದಲ್ಲಿ 1950 ಸಹಾಯವಾಣಿ. ಘೋಷಣೆ ಇಲ್ಲ. ಕಡತದ ಹುಳು ಅವರೇ, 28 ಲಕ್ಷ ಹೆಂಗಸರ ಚಿತ್ರ ನನ್ನ ಕೊನೆಯ ಪ್ರಾಜೆಕ್ಟ್ ಆಗುತ್ತದೆ, ಬಸ್ಸು ಹತ್ತಿ ಬನ್ನಿ.

ಒಂದು ಸಹಾಯ ಬೇಕು. ಗೋಡೆಯ ಬಲಗಡೆ ನಾಲ್ಕು ಅಡಿ ಜಾಗ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಕಪ್ಪು ಹಲಗೆ ಬಣ್ಣ ಹಚ್ಚಿ, ಹೆಸರು ಸೇರಿಸಲು ಕೊನೆಯ ದಿನಾಂಕವನ್ನು ಸೀಮೆಸುಣ್ಣದಲ್ಲಿ ಬರೆಯುವ ಯೋಚನೆ. ದಿನಾಂಕ ಬದಲಾದ ಹಾಗೆ ಗಾಡಿಯವರೇ ಅಳಿಸಿ ಬರೆಯುತ್ತಾರೆ, ತಾವಾಗಿಯೇ ಹೇಳಿದರು. ಆ ಬಣ್ಣ ಹೊರಗಿನ ಮಳೆಗೆ ಎರಡು ವರ್ಷ ತಡೆಯುತ್ತಾ? ಕೆಳಗೆ ಸಿಮೆಂಟ್ ಪ್ರೈಮರ್ ಎಷ್ಟು ಕೋಟ್ ಬೇಕು? ಗೋಡೆಬರಹ ಅವರೇ, ನಿಮಗೆ ಗೊತ್ತಿರುತ್ತದೆ.

ಗೋಡೆಬರಹ:

ಹಳೇ ಬಣ್ಣ ಪೂರ್ತಿ ಕೆರೆದು, ತೊಳೆದು, ಎರಡು ದಿನ ಒಣಗಲು ಬಿಡಿ. ಹೊರಗೋಡೆಯ ಪ್ರೈಮರ್ ಎರಡು ಕೋಟ್. ಹಲಗೆ ಬಣ್ಣ ನೇರ ಮಳೆಗೆ ಎರಡು ವರ್ಷ ನಿಲ್ಲುವುದು ಕಷ್ಟ, ಮೇಲೆ ಒಂದು ಅಡಿ ಅಗಲದ ಶೀಟ್ ಸೂರು ಹೊಡೆಸಿ. ಶನಿವಾರ ನನಗೆ ರಜೆ. ಏಣಿ ನನ್ನ ಹತ್ತಿರ ಇದೆ, ತರುತ್ತೇನೆ.